ಕುಳಿತವರು, ನಿಂತವರು

ನಂಜನಗೂಡಿನ ಶ್ರೀಕಂಠೇಶ್ವರನ ಗೋಪುರ ಕಟ್ಟಿಸಿದವರು ಯಾರು ಎಂದು ಜಾತ್ರೆಗೆ ಬಂದ ಹತ್ತು ಜನರನ್ನು ಕೇಳಿ ನೋಡಿ. ಒಂಬತ್ತು ಜನ ‘ಮೈಸೂರು ಮಹಾರಾಜರು’ ಎನ್ನುತ್ತಾರೆ. ಹತ್ತನೆಯವರು ‘ಟಿಪ್ಪು ಸುಲ್ತಾನ’ ಎಂದರೂ ಎಂದಾರು. ಅವನ ಆನೆಯ ಕಣ್ಣು ವಾಸಿಯಾದದ್ದು, ಅವನು ದೇವರನ್ನೇ ಹಕೀಂ ನಂಜುಂಡ ಎಂದು ಕರೆದದ್ದು, ಪಚ್ಚೆಯ ಲಿಂಗ ಒಪ್ಪಿಸಿದ್ದು ಊರಿಗೆಲ್ಲ ಬಾಯಿಪಾಠ. ಏಳು ಅಂತಸ್ತಿನ ಆ ಗೋಪುರ 1849ರಲ್ಲಿ ಎದ್ದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರಿಂದ. ಸೋಮವಾರ, ಹುಣ್ಣಿಮೆ ಎಂದು ಮಡಿಲಕ್ಕಿ, ಹಣ್ಣುಕಾಯಿ ಹಿಡಿದು ಅದರ ಕೆಳಗೇ ಹಾದುಹೋಗುವ ನಮ್ಮ ಹೆಂಗಸರಿಗೂ ಆ ಹೆಸರು ಗೊತ್ತಿಲ್ಲ.

ಹೆಸರು ದಾಖಲೆಯಲ್ಲಿದೆ, ಬಾಯಲ್ಲಿಲ್ಲ. ಬಾಯಲ್ಲಿ ಇದ್ದು ದಾಖಲೆಗೆ ಬಾರದೆ ಹೋದ ಹೆಸರುಗಳಂತೂ ಲೆಕ್ಕವಿಲ್ಲ. ಈ ಎರಡನ್ನೂ ಕೂಡಿಸಬೇಕಾದ ಕೆಲಸ ಸಂಗ್ರಹಾಲಯಗಳದು, ಪತ್ರಾಗಾರಗಳದು, ನಮ್ಮ ಊರ ಕಾಲೇಜುಗಳ ಬೀರುಗಳದು. ಕಾದಂಬರಿಗೂ ಸಿನಿಮಾಕ್ಕೂ ವಿಮರ್ಶೆ ಬರೆಯುವ ನಾವು ಇವುಗಳಿಗೆ ಮಾತ್ರ ಕೈಮುಗಿದು ಸುಮ್ಮನಾಗುತ್ತೇವೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಗೌರವ ಕೊಟ್ಟುಬಿಟ್ಟರೆ, ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಟ್ಟರು, ಇಟ್ಟುಕೊಂಡದ್ದರ ಮೇಲೆ ಏನೆಂದು ಬರೆದರು ಎಂದು ಕೇಳುವವರು ಯಾರು?

ನಮ್ಮ ಸೀಮೆಯ ಮೊದಲ ದೊಡ್ಡ ಸಂಗ್ರಹ ಕಲ್ಲಿನದು. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರವರು ಬಿ. ಎಲ್. ರೈಸ್ ಸಂಸ್ಥಾನದ ಶಾಸನಗಳನ್ನೆಲ್ಲ ತಾಲ್ಲೂಕುವಾರು ಓದಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳನ್ನು ತಂದರು. ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕುಗಳ ಕಲ್ಲುಗಳು 1894ರ ಮೂರನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು 1970ರ ದಶಕದಲ್ಲಿ ಅವನ್ನು ಪರಿಷ್ಕರಿಸಿ, ಹೊಸದಾಗಿ ಸಿಕ್ಕಿದ್ದನ್ನು ಸೇರಿಸಿ ಮತ್ತೆ ಅಚ್ಚು ಹಾಕಿದರು. ನಂಜನಗೂಡು 1974ರ ಸಂಪುಟಕ್ಕೆ ಬಂತು, ನರಸೀಪುರ 1976ರದಕ್ಕೆ.

ಈ ಸಂಪುಟಗಳನ್ನು ವಿದ್ವಾಂಸರಷ್ಟೇ ಓದಬೇಕೆಂದು ಯಾರೂ ಕಾನೂನು ಮಾಡಿಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ, ಕಾಲು ಚಾಚಿ ಕುಳಿತು ಓದುವುದಕ್ಕೆ ಒಂದು ರೀತಿಯಲ್ಲಿ ಬಲು ಒಳ್ಳೆಯ ಪುಸ್ತಕಗಳು. ಮೊದಲು ರಾಜನ ಬಿರುದುಗಳ ಉದ್ದ ಸಾಲು ಬರುತ್ತದೆ, ಅದನ್ನು ಹಾರಿಸಬಹುದು. ಆಮೇಲೆ ಗದ್ದೆ ಎಷ್ಟು, ತೋಟ ಎಷ್ಟು, ಮೂಡಲಿಗೆ ಯಾವ ಹುತ್ತ, ತೆಂಕಲಿಗೆ ಯಾವ ಕೆರೆಯ ಕೋಡಿ, ಯಾರು ಸಾಕ್ಷಿ, ಬರೆದವನು ಯಾರು, ಕಡೆಯಲ್ಲಿ ದಾನಕ್ಕೆ ಕೈ ಹಚ್ಚಿದವನಿಗೆ ಏನೇನು ಪಾಪ ಎಂಬ ಎಚ್ಚರಿಕೆ. ನಮ್ಮ ಮನೆಯ ಹಳೆಯ ವಿಭಾಗಪತ್ರ ಓದಿದ ಹಾಗೇ ಇರುತ್ತದೆ. ಊರುಗಳೂ ನಮ್ಮವೇ. ಬಸ್ಸಿನ ಬೋರ್ಡಿನಲ್ಲಿ ದಿನಾ ನೋಡುವ ಹೆಸರು ಎಂಟುನೂರು ವರ್ಷ ಹಿಂದಿನ ಕಲ್ಲಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿ ಕಂಡಾಗ ಆಗುವ ಖುಷಿಯನ್ನು ಹೇಳಿ ಪೂರೈಸಲಾಗದು.

ಆದರೆ ಕಲ್ಲು ಯಾವ ಹೆಂಗಸನ್ನು ನೆನಪಿಟ್ಟುಕೊಳ್ಳುತ್ತದೆ? ಇದಕ್ಕೆ ಉತ್ತರ ಬೇಕಿದ್ದರೆ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿಗೆ ಹೋಗಬೇಕು. 1057ರ ಶಾಸನ ಅಲ್ಲಿಯದು, ದೇಕಬ್ಬೆ ಎಂಬಾಕೆಯದು. ನುಗುನಾಡಿನ ಒಡೆಯನ ಮಗಳು, ನವಿಲೆನಾಡಿನ ಏಚನಿಗೆ ಕೊಟ್ಟಿದ್ದರು. ಏಚ ಮಲ್ಲಯುದ್ಧದಲ್ಲಿ ದಾಯಾದಿಗಳನ್ನು ಕೊಂದ. ಅವನನ್ನು ತಲಕಾಡಿಗೆ ಒಯ್ದು, ಅರಸನ ಆಜ್ಞೆಯಂತೆ ಕೊಲ್ಲಿಸಿದರು. ಸುದ್ದಿ ತಿಳಿದ ದೇಕಬ್ಬೆ ಬೆಂಕಿಗೆ ಬೀಳುತ್ತೇನೆಂದು ನಿಂತಳು. ತಂದೆ ತಾಯಿ ಬೇಡವೆಂದು ಗೋಗರೆದರು, ಕೇಳಲಿಲ್ಲ. ಇದ್ದಬದ್ದದ್ದನ್ನು ದಾನ ಮಾಡಿ ಬೆಂಕಿಗೆ ಹೋದಳು. ಕಲ್ಲು ಇದನ್ನೆಲ್ಲ ಪದ್ಯದಲ್ಲಿ, ಎದೆಗೆ ನಾಟುವ ಹಾಗೆ ಹೇಳುತ್ತದೆ. ಸಾಹಿತ್ಯವಾಗಿ ಮೇಲಾದದ್ದು ಎಂದು ಪಂಡಿತರೆಲ್ಲ ಒಪ್ಪುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ತಂದೆ ತಾಯಿಯ ಮಾತು ಕೇಳಿ ಅವಳು ಮನೆಯೊಳಗೆ ಉಳಿದಿದ್ದರೆ, ಮತ್ತೆ ನಲವತ್ತು ವರ್ಷ ಹಾಲು ಕರೆದು, ಮೊಸರು ಕಡೆದು ಬಾಳಿದ್ದರೆ, ದೇಕಬ್ಬೆ ಎಂಬ ಹೆಸರು ನಮಗೆ ಸಿಗುತ್ತಲೇ ಇರಲಿಲ್ಲ. ದಾನ ಕೊಟ್ಟ ರಾಣಿಗೂ ಕಲ್ಲಿನಲ್ಲಿ ಜಾಗವಿದೆ, ಸತ್ತ ಸೊಸೆಗೂ ಜಾಗವಿದೆ. ಬದುಕಿದವಳಿಗೆ ಇಲ್ಲ.

ಅಲಮೇಲಮ್ಮನ ಕಥೆಯನ್ನೇ ತೆಗೆದುಕೊಳ್ಳಿ. ತಲಕಾಡಿನಲ್ಲಿ ಮರಳು, ಮಾಲಂಗಿಯಲ್ಲಿ ಮಡು, ಅರಸರಿಗೆ ಮಕ್ಕಳಿಲ್ಲ ಎಂದು ಅವಳು ಇಟ್ಟ ಶಾಪವನ್ನು ನಮ್ಮ ಕಡೆ ಹಾಲು ಕುಡಿಯುವ ಮಗುವೂ ಹೇಳುತ್ತದೆ. ಮರಳಿಗೆ ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿ ಕಟ್ಟೆ ಕಾರಣವಿರಬಹುದು, ನದಿಯ ತಿರುವು ಕಾರಣವಿರಬಹುದು ಎಂದು ಬಲ್ಲವರು ಹೇಳುತ್ತಾರೆ. ಇರಲಿ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ನಾನೂರು ವರ್ಷ ಈ ಹೆಸರನ್ನು ಕಾಪಾಡಿದ್ದು ಯಾವ ಪತ್ರಾಗಾರವೂ ಅಲ್ಲ, ಅಡುಗೆಮನೆ. ಅಜ್ಜಿ ಮೊಮ್ಮಗಳಿಗೆ ಹೇಳಿದಳು, ಮೊಮ್ಮಗಳು ಅಜ್ಜಿಯಾಗಿ ಮತ್ತೆ ಹೇಳಿದಳು. ಅರಮನೆಯವರೇ ಆಮೇಲೆ ಅವಳ ವಿಗ್ರಹ ಮಾಡಿಸಿ ಪೂಜೆ ಮಾಡಬೇಕಾಯಿತು.

ಸೋಮನಾಥಪುರಕ್ಕೆ ಹೋದವರು ನಕ್ಷತ್ರದ ಜಗತಿ, ಮೂರು ಗೋಪುರ, ಕೇಶವ ಎಂದು ನೋಡಿಕೊಂಡು, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ತಿಂದು ಬರುತ್ತಾರೆ. ಮುಂದಿನ ಸಲ ಹೋದಾಗ ಹೊರಗೋಡೆಯ ವಿಗ್ರಹಗಳ ಪಾದದ ಹತ್ತಿರ ಬಗ್ಗಿ ನೋಡಿ. ಕೆತ್ತಿದವರು ಹೆಸರು ಹಾಕಿದ್ದಾರೆ. ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. (ಹೆಸರು ಕೇಳಿ ಹೆಂಗಸೆಂದುಕೊಳ್ಳಬೇಡಿ, ಗಂಡಸೇ.) 1268ರಲ್ಲಿ ದಂಡನಾಯಕ ಸೋಮನಾಥ ಕಟ್ಟಿಸಿದ ದೇವಾಲಯದಲ್ಲಿ ಕೂಲಿಗೆ ಬಂದ ಕುಶಲಕರ್ಮಿಯ ಹೆಸರು ಉಳಿದಿದೆ ಎಂದರೆ ಅದು ಸಣ್ಣ ಮಾತಲ್ಲ. ಹಣ ಕೊಟ್ಟವನ ಹೆಸರು ಎಲ್ಲ ಕಾಲದಲ್ಲೂ ಉಳಿಯುತ್ತದೆ. ಕೈಯಿಂದ ಮಾಡಿದವನ ಹೆಸರು ಉಳಿಯಬೇಕಾದರೆ ಅವನೇ ಚಾಣ ಹಿಡಿದಿರಬೇಕು.

ಇನ್ನೂ ಹಿಂದಕ್ಕೆ ಹೋದರೆ ಹೆಸರು ಎಂಬುದೇ ಇಲ್ಲ. ನರಸೀಪುರದಲ್ಲಿ ಕಾವೇರಿ ಕಪಿಲೆ ಕೂಡುವ ಕಡೆ, ಮಾಘ ಸ್ನಾನಕ್ಕೂ ಕುಂಭಮೇಳಕ್ಕೂ ಜನ ಸೇರುವ ಜಾಗದ ಆಸುಪಾಸಿನಲ್ಲೇ, ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು 1960ರ ಆಚೀಚೆ ಅಗೆಸಿದರು. ವರದಿ ಅಚ್ಚಾದದ್ದು 1971ರಲ್ಲಿ. ನವಶಿಲಾಯುಗದ ಕಲ್ಲಿನ ಕೊಡಲಿ, ಮಡಕೆ, ಸಮಾಧಿ ಸಿಕ್ಕವು. ಮಣ್ಣಿನಲ್ಲಿ ಮಾಡಿ ಸುಟ್ಟ ತಲೆದಿಂಬೂ ಸಿಕ್ಕಿತು. ಮೂರೂವರೆ ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ಯಾರಿಗೋ ತಲೆದಿಂಬು ಮಾಡಿದ್ದಾರೆ. ಅಂಥ ವರದಿಗಳನ್ನು ನೋಡಿ, ಒಂದು ಒಡೆದ ಮಡಕೆಗೂ ಅದು ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಕಂಠ ಎಷ್ಟು ದಪ್ಪ ಎಂದು ಬರೆದಿರುತ್ತಾರೆ. ಹೆಸರು ಸಿಗದ ಕಡೆ ಉಳಿದದ್ದನ್ನಾದರೂ ಶ್ರದ್ಧೆಯಿಂದ ಬರೆದಿಡುವ ಈ ಕ್ರಮ ನನಗೆ ತುಂಬ ಹಿಡಿಸುತ್ತದೆ. ಹಾಗಾದರೆ ಕಣ್ಣೆದುರೇ ಹೆಸರಿರುವ ವಸ್ತುವನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ?

ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಕಂಡಿರುತ್ತೀರಿ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಮಹಲು, 1968ರಿಂದ ಸಂಗ್ರಹಾಲಯ. ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿ ಹಳ್ಳಿ ಅಲೆದು, ಹೊತ್ತು ತಂದು ತುಂಬಿಸಿದ ಮನೆ ಅದು. ಆರು ಸಾವಿರಕ್ಕೂ ಮೀರಿದ ವಸ್ತುಗಳು. ಮಹಲು ಹಲವು ಸಲ ಶಿಥಿಲವಾಗಿದೆ, ಹಲವು ಸಲ ದುರಸ್ತಿಯನ್ನೂ ಕಂಡಿದೆ. ಅವರು ಆ ಹೊತ್ತಿಗೆ ಎತ್ತಿ ತಾರದೇ ಹೋಗಿದ್ದರೆ ಆ ಮರದ ದೇವರು, ತೊಗಲುಗೊಂಬೆ, ಅಳತೆಯ ಸೇರು ಪಾವು, ಶ್ಯಾವಿಗೆ ಒರಳು ಎಲ್ಲ ಒಲೆಗೋ ಗುಜರಿಗೋ ಹೋಗುತ್ತಿದ್ದವು. ಈ ಉಪಕಾರವನ್ನು ಮೊದಲು ಹೇಳಿ ಆಮೇಲೆ ತಕರಾರು ಹೇಳಬೇಕು.

ತಕರಾರು ಈ ಒಂದು ಸಂಗ್ರಹಾಲಯದ್ದಲ್ಲ, ಅದರ ಜಾತಿಯದ್ದು. ಯಾವ ಜಾನಪದ ಸಂಗ್ರಹಾಲಯಕ್ಕಾದರೂ ಹೋಗಿ, ಚೀಟಿ ಓದಿ. ‘ಬೀಸುವ ಕಲ್ಲು’, ‘ಮೊರ’, ‘ವಂದರಿ’, ‘ಕೌದಿ’. ಹೆಚ್ಚೆಂದರೆ ಊರಿನ ಹೆಸರು. ಅಲ್ಲೇ ಸಾಹಿತಿಗಳದೊಂದು ವಿಭಾಗ ಇದ್ದರೆ ಕನ್ನಡಕ, ಲೇಖನಿ, ಪ್ರಶಸ್ತಿಪತ್ರ ಎಲ್ಲದಕ್ಕೂ ಹೆಸರಿರುತ್ತದೆ. ಇದು ಇಂಥ ಕವಿಗಳ ಕನ್ನಡಕ ಎಂದು ಓದಿದೊಡನೆ ನಾವು ಒಂದು ಕ್ಷಣ ನಿಲ್ಲುತ್ತೇವೆ. ಬೀಸುವ ಕಲ್ಲಿನ ಮುಂದೆ ಯಾರೂ ನಿಲ್ಲುವುದಿಲ್ಲ. ನಿಲ್ಲುವುದಕ್ಕೆ ಅಲ್ಲಿ ಯಾರಿದ್ದಾರೆ? ಆ ಕಲ್ಲಿನ ಗೂಟ ಒಂದೇ ಕಡೆ ಸವೆದಿರುತ್ತದೆ. ಬೀಸಿದಾಕೆ ಎಡಗೈಯವಳೋ, ಇಬ್ಬರು ಎದುರುಬದುರು ಕೂತು ಬೀಸಿದರೋ, ಅತ್ತೆ ಸೊಸೆಯೋ, ವಾರಗಿತ್ತಿಯರೋ, ಬೆಳಗಿನ ಜಾವ ಹಾಡುತ್ತಿದ್ದ ಪದ ಯಾವುದು, ನಂಜುಂಡ ಚಾಮುಂಡಿಯರ ಸರಸದ ಪದವೋ, ಮಾದಪ್ಪನದೋ, ಒಂದೂ ತಿಳಿಯುವುದಿಲ್ಲ. ತಂದ ದಿನ ಕೇಳಿದ್ದರೆ ಮನೆಯವರು ಹೇಳುತ್ತಿದ್ದರು. ‘ಇದು ಯಾವ ಕಾಲದ್ದು’ ಎಂದು ಕೇಳುವ ರೂಢಿ ಇದೆ. ‘ಇದು ಯಾರದು’ ಎಂದು ಕೇಳುವ ರೂಢಿ ಬರಲಿಲ್ಲ.

ಹೆಂಗಸರಿಗೆ ಮಾತ್ರ ಹೀಗಾಗಿದೆ ಎಂದು ನಾನು ಹೇಳುತ್ತಿಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ (1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಶುರುವಾದದ್ದು) ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ತಂದುಕೊಟ್ಟದ್ದು ತಂಜಾವೂರು ಕಡೆಯ ಒಬ್ಬ ಪಂಡಿತರು. ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದರು, ಲೋಕಪ್ರಸಿದ್ಧರಾದರು, ಆಗಬೇಕಾದ್ದೇ. ಗರಿಯ ಕಟ್ಟನ್ನು ಅಷ್ಟು ಕಾಲ ಕಾಪಾಡಿ ತಂದುಕೊಟ್ಟವರು ಮಾತ್ರ ಇಂದಿಗೂ ‘ತಂಜಾವೂರಿನ ಒಬ್ಬ ಪಂಡಿತ’. ಕೊಟ್ಟವರನ್ನು ಬಾಗಿಲಲ್ಲೇ ಬಿಟ್ಟು ವಸ್ತುವನ್ನು ಮಾತ್ರ ಒಳಗೆ ಕರೆದುಕೊಳ್ಳುವುದು ನಮ್ಮ ಹಳೆಯ ಚಾಳಿ.

ಬೇರೆ ಕಡೆ ಹೇಗೆ ಮಾಡುತ್ತಾರೆ ಎಂದು ನೋಡಿದರೆ ತಪ್ಪಿಲ್ಲ. ಅಮೆರಿಕದಲ್ಲಿ ಅಪಲೇಚಿಯ ಎಂಬ ಗುಡ್ಡಗಾಡು ಸೀಮೆ ಇದೆ. ಕಲ್ಲಿದ್ದಲ ಗಣಿ, ಬಡತನ, ಮೈಕೈ ನೋಯುವ ಬೇಸಾಯ. ಹಾಡಿಗೆ, ನೇಯ್ಗೆಗೆ, ಚುಕ್ಕಿ ಹೊಲಿಗೆಯ ರಜಾಯಿಗೆ ಹೆಸರಾದ ಸೀಮೆ. ಅಲ್ಲಿನ ಕೆಂಟಕಿ ರಾಜ್ಯದ ಬೆರಿಯಾ ಎಂಬ ಸಣ್ಣ ಊರಿನಲ್ಲಿ 1855ರಲ್ಲಿ ಹುಟ್ಟಿದ ಕಾಲೇಜು ಒಂದಿದೆ. ತನ್ನ ಚರಿತ್ರೆಯ ಕಾಗದಗಳ ಜೊತೆಗೇ ಸುತ್ತಲ ಗುಡ್ಡದ ಜನರ ಪತ್ರ, ಫೋಟೋ, ಹಾಡಿನ ಟೇಪುಗಳನ್ನೂ ಅದು ಇಟ್ಟುಕೊಂಡಿದೆ. ಪಿಟೀಲು ನುಡಿಸಿದ ರೈತ, ಲಾವಣಿ ಹೇಳಿದ ಅಜ್ಜಿ, ಇವರ ಹೆಸರಿನಲ್ಲೇ ಟೇಪು ಹುಡುಕಬಹುದು. ಅವರಲ್ಲಿ ಹಣವಿದೆ, ಒಪ್ಪಿದೆ. ಆದರೆ ಹೆಸರು ಕೇಳಿ ಬರೆದುಕೊಳ್ಳುವುದಕ್ಕೆ ಎಷ್ಟು ಹಣ ಬೇಕು? ಒಂದು ಪೆನ್ಸಿಲು ಸಾಕು. ನನಗೆ ಹಿಡಿಸಿದ್ದು ಕಾಲೇಜಿನ ಕಾಗದವೂ ಊರಿನ ಕಾಗದವೂ ಒಂದೇ ಸೂರಿನಡಿ ಇರುವುದು. ನಮ್ಮ ಕಾಲೇಜುಗಳಲ್ಲಿ ಗೇಟಿನಾಚೆಯ ಊರು ಗೇಟಿನಾಚೆಯೇ ಇರುತ್ತದೆ.

ಹಾಗೆಂದು ನಮ್ಮಲ್ಲಿ ಯಾರೂ ಮಾಡಲೇ ಇಲ್ಲವೆಂದರೆ ಅನ್ಯಾಯವಾದೀತು. ನಂಜನಗೂಡಿನವರಂತೂ ಹಾಗೆನ್ನಲೇಬಾರದು.

ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ತಂದೆ ಮನೆಯಲ್ಲೇ ಓದಿಸಿದರು. ಆ ಮನೆಯೊಳಗಿಂದಲೇ ಆಕೆ 1913ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆ ಶುರು ಮಾಡಿ, ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. 1916ರ ಸುಮಾರಿಗೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ. ಆ ವರ್ಷವೇ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಬಾಗಿಲು ತೆರೆಯಿತು. ಅಲ್ಲಿ ದಿವಾನರು, ಮಹಾರಾಜರು, ಸರ್ಕಾರದ ಖಜಾನೆ. ಇಲ್ಲಿ ಹದಿನೈದೇ ಮೈಲಿ ದೂರದ ಊರಿನಲ್ಲಿ ಮೂವತ್ತರ ಹೊಸ್ತಿಲಿನ ಒಬ್ಬ ವಿಧವೆ, ಬರೆಯುವವಳೂ ಅವಳೇ, ತಿದ್ದುವವಳೂ ಅವಳೇ, ಅಚ್ಚು ಮಾಡಿಸಿ ಹಂಚುವವಳೂ ಅವಳೇ. ಆಮೇಲೆ ಬರವಣಿಗೆ ನಿಂತುಹೋಯಿತು. ಕಟು ವಿಮರ್ಶೆಯಿಂದ ಮನಸ್ಸು ಮುರಿಯಿತು ಎಂಬ ಮಾತು ಸಾಹಿತ್ಯ ವಲಯದಲ್ಲಿ ಓಡಾಡುತ್ತದೆ. ಕಡೆಗಾಲದಲ್ಲಿ ಮದರಾಸಿನಲ್ಲಿದ್ದು, ಲೋಕಕ್ಕೆಲ್ಲ ಮರೆತುಹೋಗಿ, 1982ರಲ್ಲಿ ತೀರಿಕೊಂಡರು. ತೊಂಬತ್ತೈದು ವರ್ಷದ ಬಾಳು. ಅದರಲ್ಲಿ ಅರ್ಧದಷ್ಟು ಮೌನ.

ಆಕೆ ಪೂರ್ತಿ ಮರೆತುಹೋಗದೆ ಉಳಿದದ್ದು ಒಂದು ಕಾಲೇಜಿನಿಂದ ಎಂಬುದನ್ನು ಗಮನಿಸಬೇಕು. ಬೆಂಗಳೂರು ಜಯನಗರದ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಸಿ. ಎನ್. ಮಂಗಳಾ ಅವರು ಈ ಮುದುಕಿಯನ್ನು ಹುಡುಕಿಕೊಂಡು ಮದರಾಸಿಗೆ ಹೋದರು. ಅದೇ ಕಾಲೇಜಿನಲ್ಲಿ ‘ಶಾಶ್ವತಿ’ ಎಂಬ ಮಹಿಳಾ ಅಧ್ಯಯನ ಕೇಂದ್ರವನ್ನೂ ಹೆಂಗಸರದೇ ಒಂದು ವಸ್ತುಸಂಗ್ರಹಾಲಯವನ್ನೂ ಕಟ್ಟಿದರು, ತಿರುಮಲಾಂಬ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯನ್ನೂ ಇಟ್ಟರು. ಮೈಸೂರಿನಲ್ಲಿ ಪಾಠ ಹೇಳುತ್ತಿದ್ದ ವಿಜಯಾ ದಬ್ಬೆ ಆಕೆಯ ಬಗ್ಗೆ ‘ಹಿತೈಷಿಣಿಯ ಹೆಜ್ಜೆಗಳು’ (1992) ಬರೆದರು. ಊರೂರಿನ ಹಳೆಯ ಲೇಖಕಿಯರ ಹೆಸರುಗಳನ್ನು ಹೆಕ್ಕಿ ತೆಗೆದ ವಿಜಯಾ ಅವರ ನೆನಪಿಗೇ 1999ರ ರಸ್ತೆ ಅಪಘಾತದಲ್ಲಿ ಪೆಟ್ಟು ಬಿತ್ತು; 2018ರಲ್ಲಿ ಹೋದರು. ಸೂಸಿ ತಾರು, ಕೆ. ಲಲಿತಾ ಅವರು 1991ರಲ್ಲಿ ಇಂಗ್ಲಿಷಿನಲ್ಲಿ ತಂದ ಭಾರತೀಯ ಲೇಖಕಿಯರ ದೊಡ್ಡ ಸಂಕಲನದಲ್ಲೂ ತಿರುಮಲಾಂಬ ಇದ್ದಾರೆ. ನಂಜನಗೂಡಿನ ಹೆಸರು ಹೀಗೆ ನ್ಯೂಯಾರ್ಕಿನ ಅಚ್ಚುಮನೆ ಕಂಡಿತು. ಪಲ್ಲುಪುಡಿ, ರಸಬಾಳೆ ಆದಮೇಲೆ ಹೊರಗೆ ಹೋದ ಮೂರನೆಯ ಸರಕು ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಾರೆ.

ಈಗ ಒಂದು ಕಷ್ಟದ ಮಾತು ಹೇಳಬೇಕು. ತಿರುಮಲಾಂಬ ಅವರ ಕಾದಂಬರಿಗಳನ್ನು ಇಂದು ಕೂತು ಓದಿದರೆ ಸಲೀಸಾಗಿ ಸಾಗುವುದಿಲ್ಲ. ಪಾತಿವ್ರತ್ಯದ ಉಪದೇಶ ಅತಿಯಾಗಿದೆ. ಒಳ್ಳೆಯವಳು ಕೊನೆಯವರೆಗೂ ಸಹಿಸುತ್ತಾಳೆ, ದಾರಿ ತಪ್ಪಿದ ಗಂಡ ತಿದ್ದಿಕೊಳ್ಳುತ್ತಾನೆ. ತಾನೇ ಒಬ್ಬಂಟಿಯಾಗಿ ಅಚ್ಚುಕೂಟದ ವ್ಯವಹಾರ ನಡೆಸುತ್ತಿದ್ದ ಹೆಣ್ಣು ತನ್ನ ನಾಯಕಿಯರಿಗೆ ಆ ಧೈರ್ಯದ ಕಾಲು ಪಾಲನ್ನೂ ಕೊಡಲಿಲ್ಲವಲ್ಲ ಎಂದು ಓದುತ್ತಾ ಓದುತ್ತಾ ಸಿಟ್ಟೂ ಬರುತ್ತದೆ. ಹಾಗಾದರೆ ಇವನ್ನು ಇಟ್ಟುಕೊಳ್ಳಬೇಕೆ? ಇಟ್ಟುಕೊಳ್ಳಲೇಬೇಕು. ಸಂಗ್ರಹಾಲಯ ಬಹುಮಾನ ಸಮಿತಿಯಲ್ಲ. ಶ್ರೇಷ್ಠವಾದದ್ದನ್ನಷ್ಟೇ ಉಳಿಸುವುದಾದರೆ ಹೆಂಗಸರು ಬರೆದದ್ದರಲ್ಲಿ ಒಂದು ಕಾಲದ ಮುಕ್ಕಾಲು ಪಾಲು ಗುಜರಿಗೆ ಹೋಗುತ್ತದೆ, ಗಂಡಸರದೂ ಕಡಿಮೆಯೇನೂ ಹೋಗುವುದಿಲ್ಲ. ನನಗಂತೂ ಆಕೆಯ ಕಾದಂಬರಿಗಿಂತ ‘ಕರ್ನಾಟಕ ನಂದಿನಿ’ಯ ಚಂದಾದಾರರ ಪಟ್ಟಿ ಸಿಕ್ಕರೆ ಅದೇ ಹೆಚ್ಚು. ನೂರು ವರ್ಷದ ಹಿಂದೆ ಯಾವ ಊರಿನ ಯಾವ ಹೆಂಗಸು ತನ್ನ ಹೆಸರಿಗೆ ಪತ್ರಿಕೆ ತರಿಸಿಕೊಂಡಳು, ದುಡ್ಡು ಯಾರು ಕಟ್ಟಿದರು, ಅಂಚೆಯವನು ಅದನ್ನು ಯಾರ ಕೈಗೆ ಕೊಟ್ಟ? ನಮ್ಮ ಮುತ್ತಜ್ಜಿಯರ ಚರಿತ್ರೆ ಇರುವುದು ಅಂಥ ಪಟ್ಟಿಯಲ್ಲಿ.

ಪಟ್ಟಿಗಳನ್ನೇ ನಾವು ಮೊದಲು ಎಸೆಯುವುದು. ಹಾಲಿನ ಲೆಕ್ಕ, ಚೀಟಿ ಹಣದ ಲೆಕ್ಕ, ಮದುವೆಯ ಮುಯ್ಯಿಯ ಪುಸ್ತಕ. ನಮ್ಮತ್ತೆಯವರ ಒಂದು ನೋಟುಪುಸ್ತಕ ನನ್ನ ಹತ್ತಿರವಿದೆ. ಮುಂದಿನಿಂದ ಬಿಡಿಸಿದರೆ ಮುಯ್ಯಿಯ ಲೆಕ್ಕ, ಹಿಂದಿನಿಂದ ಬಿಡಿಸಿದರೆ ಹಸೆಗೆ ಕರೆಯುವ ಹಾಡು, ನಡುವೆ ಬಾಣಂತಿಯ ಔಷಧ. ಮುಯ್ಯಿ ಕೊಟ್ಟ ಪ್ರತಿಯೊಬ್ಬ ಹೆಂಗಸಿನ ಹೆಸರೂ ಇದೆ, ಕೊಟ್ಟದ್ದು ಎಂಟಾಣೆಯೋ ರವಿಕೆ ಕಣವೋ ಅದೂ ಇದೆ. ಯಾವ ಶಾಸನಕ್ಕೂ ಕಡಿಮೆಯಿಲ್ಲದ ದಾನಪಟ್ಟಿ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿದಾಗ ನಂಜನಗೂಡಿನಲ್ಲಿ ಹೊಳೆಯ ಕಡೆಯ ಮನೆಗಳಿಗೆ ನೀರು ನುಗ್ಗಿತು. ಜನ ಅಕ್ಕಿ ಮೂಟೆ, ಟೀವಿ, ಗ್ಯಾಸಿನ ಸಿಲಿಂಡರು ಎತ್ತಿಕೊಂಡು ಓಡಿದರು. ಟ್ರಂಕಿನ ಕಾಗದ ಯಾರಿಗೆ ನೆನಪಾದೀತು? ಕಾಗದಕ್ಕೆ ನೀರೊಂದೇ ಶತ್ರುವಲ್ಲ, ಗೆದ್ದಲಿದೆ, ಬೆಳ್ಳಿಹುಳುವಿದೆ, ಎಲ್ಲಕ್ಕಿಂತ ಮಿಗಿಲಾಗಿ ದೀಪಾವಳಿಯ ಮನೆ ಸಾರಿಸುವ ಉತ್ಸಾಹವಿದೆ.

ಇನ್ನು ಕಾಲೇಜಿನ ವಿಷಯ. ಈ ಎರಡು ತಾಲ್ಲೂಕುಗಳ ಹುಡುಗಿಯರು ಹಿಂದೆ ಓದಬೇಕೆಂದರೆ ಮೈಸೂರಿಗೇ ಹೋಗಬೇಕಿತ್ತು. ಅಲ್ಲಿ 1881ರಲ್ಲಿ ಶುರುವಾದ ಮಹಾರಾಣಿಯವರ ಶಾಲೆ ಬೆಳೆದು ಕಾಲೇಜಾಗಿತ್ತು. ಹಾಸ್ಟೆಲ್ಲಿಗೆ ಕಳಿಸುವ ಧೈರ್ಯ ಯಾವ ಮನೆಗಿತ್ತು? ಹತ್ತಿರದ ಊರಿನಲ್ಲೇ ಕಾಲೇಜು ಬಂದ ಮೇಲೆ, ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುವ ಬಸ್ಸು ಆದ ಮೇಲೆ, ಹುಡುಗಿಯರು ಓದಿದರು. ಅಂಥ ಒಂದು ಕಾಲೇಜಿನವರು, ಹೆಸರು ಬೇಡ, ತಮ್ಮ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರಲು ಹೊರಟರು. ಮೊದಲ ವರ್ಷಗಳ ವಿದ್ಯಾರ್ಥಿನಿಯರ ಬಗ್ಗೆ ಬರೆದುಕೊಡಿ ಎಂದು ನನಗೂ ನನ್ನ ಗೆಳತಿಯೊಬ್ಬರಿಗೂ ಹೇಳಿದರು. ಗೆಳತಿ ಅಲ್ಲಿಯೇ ಪಾಠ ಹೇಳಿ ನಿವೃತ್ತರಾದವರು.

ಸ್ಮರಣ ಸಂಚಿಕೆ ಎಂಬುದು ಹೇಗಿರುತ್ತದೆಂದು ನಿಮಗೆ ಗೊತ್ತು. ಮೊದಲ ಇಪ್ಪತ್ತು ಪುಟ ಶುಭಸಂದೇಶ. ಮಂತ್ರಿಗಳದು, ಶಾಸಕರದು, ಕುಲಪತಿಗಳದು. ಎಲ್ಲರಿಗೂ ‘ತಿಳಿದು ಸಂತೋಷವಾಯಿತು’. ಕೊನೆಯ ಇಪ್ಪತ್ತು ಪುಟ ಜಾಹೀರಾತು. ಮಧ್ಯೆ ಸಿಕ್ಕಿಕೊಂಡದ್ದು ಚರಿತ್ರೆ. ಅದರಲ್ಲೂ ಕಟ್ಟಡಕ್ಕೆ ಕಲ್ಲು ಹಾಕಿದವರು, ಕಟ್ಟಡ ತೆರೆದವರು, ಕಟ್ಟಡಕ್ಕೆ ಇನ್ನೊಂದು ಮಹಡಿ ಏರಿಸಿದವರು. ಓದಲು ಬಂದವರ ಸುದ್ದಿ ಇರುವುದಿಲ್ಲ. ನಮ್ಮ ನಂಜನಗೂಡಿನ ಗೋಪುರಕ್ಕೂ ಸ್ಮರಣ ಸಂಚಿಕೆ ಬಂದಿದ್ದರೆ ದೇವಾಜಮ್ಮಣ್ಣಿಯವರ ಫೋಟೋ ಮಂತ್ರಿಗಳ ಹಿಂದೆ ಎಲ್ಲೋ ಬರುತ್ತಿತ್ತೋ ಏನೋ.

ಹಳೆಯ ವಾರ್ಷಿಕ ಸಂಚಿಕೆಗಳನ್ನು ಕೊಡಿ ಎಂದು ಕೇಳಿದೆವು. ಗುಮಾಸ್ತರು ತಲೆ ಕೆರೆದುಕೊಂಡರು. ‘ಮೇಡಂ, ಅವೆಲ್ಲ ಸುಣ್ಣ ಬಣ್ಣ ಮಾಡಿಸಿದ ವರ್ಷವೇ ತೂಕಕ್ಕೆ ಹೋದವು. ಅಡ್ಮಿಷನ್ ರಿಜಿಸ್ಟರ್ ಒಂದು ಇದೆ, ಅದು ಪರ್ಮನೆಂಟು, ಯಾರೂ ಮುಟ್ಟಂಗಿಲ್ಲ’ ಎಂದರು. ಜೊತೆಗೆ ಪ್ರಾಂಶುಪಾಲರ ಕೋಣೆಯ ಬೀರುವಿನ ಹಿಂದಿನಿಂದ, ಗಾಜು ಒಡೆದ ಒಂದು ಚೌಕಟ್ಟಿನ ಫೋಟೋ ತೆಗೆದುಕೊಟ್ಟರು. ಪುಣ್ಯಾತ್ಮರು, ಅದನ್ನಾದರೂ ಇಟ್ಟಿದ್ದರು.

ಫೋಟೋದ ಕೆಳಗೆ ಅಚ್ಚಿನ ಅಕ್ಷರದಲ್ಲಿ ಕುಳಿತವರು, ಎಡದಿಂದ ಬಲಕ್ಕೆ ಎಂದು ಅಧ್ಯಾಪಕರ ಹೆಸರುಗಳು. ಇನಿಷಿಯಲ್ಲು, ಪದವಿ ಸಮೇತ. ಮೊದಲನೆಯ ಸಾಲಿನಲ್ಲಿ ನಿಂತವರು ಎಂದು ಹುಡುಗರ ಸಂಘದ ಕಾರ್ಯದರ್ಶಿ ಇತ್ಯಾದಿ. ಎರಡನೆಯ ಸಾಲಿನಲ್ಲಿ ನಿಂತವರು: ‘ವಿದ್ಯಾರ್ಥಿನಿಯರು’. ಅಷ್ಟೇ. ಹದಿನಾಲ್ಕು ಜನ. ಎರಡು ಜಡೆ, ಮೈತುಂಬ ಸೆರಗು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಹದಿನಾಲ್ಕು ಮುಖ. ರಿಜಿಸ್ಟರಿನಲ್ಲಿ ಅವರ ಹೆಸರು, ತಂದೆಯ ಹೆಸರು, ಊರು, ಜಾತಿ, ಹುಟ್ಟಿದ ತಾರೀಖು ಎಲ್ಲವೂ ಇದೆ. ಹೆಸರು ಒಂದು ಕಡೆ ಭದ್ರವಾಗಿದೆ, ಮುಖ ಇನ್ನೊಂದು ಕಡೆ ಭದ್ರವಾಗಿದೆ. ಯಾವ ಹೆಸರು ಯಾವ ಮುಖದ್ದು ಎಂದು ಹೇಳುವ ಕಾಗದ ಮಾತ್ರ ಎಲ್ಲೂ ಇಲ್ಲ. ಅದಕ್ಕೆ ಬದುಕಿರುವ ಮನುಷ್ಯರೇ ಬೇಕು, ಅವರಿಗೋ ಎಂಬತ್ತು ಹತ್ತಿರ ಬಂದಿದೆ.

ಸಮಿತಿಯ ಅಧ್ಯಕ್ಷರಿಗೆ ಹೇಳಿದರೆ, ‘ಅಷ್ಟೆಲ್ಲ ಯಾಕಮ್ಮ, ವಿದ್ಯಾರ್ಥಿನಿಯರು ಅಂತ ಬರೆದಿದೆಯಲ್ಲ, ಹಾಗೇ ಹಾಕಿ’ ಎಂದರು. ಗೆಳತಿ ಕೇಳಿದರು, ‘ಸಾರ್, ಕುಳಿತವರನ್ನೂ ಅಧ್ಯಾಪಕರು ಅಂತ ಒಂದೇ ಮಾತಿನಲ್ಲಿ ಮುಗಿಸೋಣವೆ?’ ಅವರು ನಕ್ಕು, ಒಂದು ತಿಂಗಳು ಸಮಯ ಕೊಟ್ಟರು.

ಫೋಟೋ ಪ್ರತಿ ಹಿಡಿದು ನಾವು ಬನ್ನೂರಿಗೆ ಹೋದೆವು. ಹದಿನಾಲ್ಕರಲ್ಲಿ ಒಬ್ಬರು ಅಲ್ಲಿದ್ದಾರೆಂದು ಸುಳಿವು ಸಿಕ್ಕಿತ್ತು. ಕನ್ನಡಕ ಒರೆಸಿಕೊಂಡು ಜಗಲಿಯ ಬೆಳಕಿಗೆ ಬಂದು ನೋಡಿದರು. ಹೆಸರುಗಳು ಹೆಸರಾಗಿ ಬರಲಿಲ್ಲ. ‘ಇವಳು ಗಾಣದ ಮನೆಯೋಳು. ಇವಳು ಯಾವಾಗ್ಲೂ ಮಲ್ಲಿಗೆ ಮೊಗ್ಗು ತರೋಳು, ಅವರಪ್ಪ ಶಾನುಭೋಗರು. ಇವಳಿಗೆ ಪರೀಕ್ಷೆ ಹತ್ರ ಬಂದಾಗ ಮದುವೆ ಮಾಡ್ಬುಟ್ರು, ಹಾಲ್ ಟಿಕೆಟ್ಟು ನನ್ನ ಪುಸ್ತಕದಲ್ಲೇ ಉಳ್ಕೊಂಡಿತ್ತು ಕಣವ್ವ.’ ಗೆಳತಿ ರಿಜಿಸ್ಟರಿನ ನಕಲು ಬಿಡಿಸಿ ಊರು, ತಂದೆಯ ಹೆಸರು ಓದುತ್ತಾ ಹೋದರು. ಗಾಣ, ಮಲ್ಲಿಗೆ, ಹಾಲ್ ಟಿಕೆಟ್ಟು ಒಂದೊಂದೂ ಒಂದೊಂದು ಸಾಲಿಗೆ ಹೋಗಿ ಕೂತವು. ನಾನು ಫೋಟೋ ಪ್ರತಿಯ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದುಕೊಂಡೆ. ಮಸಿ ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ.

ತಮ್ಮ ಮುಖ ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ರಿಜಿಸ್ಟರಿನಲ್ಲಿದ್ದ ಹೆಸರು ಬರೆದೆ. ಅವರು ಬಗ್ಗಿ ನೋಡಿದರು.

‘ಅದು ನಮ್ಮಪ್ಪ ಇಟ್ಟ ಹೆಸರು. ಈ ಮನೆಗೆ ಬಂದಾಗ ನಮ್ಮತ್ತೆ ಹೆಸರೂ ಅದೇ ಆಗಿತ್ತು, ಅದಕ್ಕೆ ಬದಲಾಯಿಸಿದ್ರು. ಐವತ್ತೆಂಟು ವರ್ಷದಿಂದ ಬೇರೆ ಹೆಸರಲ್ಲೇ ಕರೀತಾರೆ. ರೇಷನ್ ಕಾರ್ಡಲ್ಲೂ ಅದೇ.’

‘ಹಾಗಾದರೆ ಯಾವುದು ಬರೆಯಲಿ, ಅಮ್ಮ?’

‘ಎರಡೂ ಬರ್ಕೊ.’

ಗ್ರಂಥಾಲಯದ ಕಾರ್ಡಿನಲ್ಲಿ ಇಂಥದಕ್ಕೆ ಒಂದೇ ಗೆರೆ ಇರುತ್ತದೆ. ನಾವು ಇನ್ನೊಂದು ಗೆರೆ ಎಳೆದೆವು. ಈಗ ಹದಿನಾಲ್ಕರಲ್ಲಿ ಒಂಬತ್ತು ಜನರಿಗೆ ಹೆಸರಾಗಿದೆ, ಅವರಲ್ಲಿ ನಾಲ್ವರಿಗೆ ಎರಡೆರಡು. ಎರಡನೆಯ ಸಾಲಿನ ಎಡತುದಿಯಲ್ಲಿ ಪುಸ್ತಕ ಎದೆಗೊತ್ತಿಕೊಂಡು ನಿಂತವರ ನಾದಿನಿ ಮೂಗೂರಿನಲ್ಲಿದ್ದಾರಂತೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇವೆ.